ಚಳಿಗಾಲದಲ್ಲಿ ಕಡ್ಡಿಯಿಂದ ಗಿಡ: ಮನೆಯೊಳಗಿನ ಗಿಡಗಳಿಗೆ ಬೇರು ಬರಿಸುವ ಸಮಗ್ರ ಮಾರ್ಗದರ್ಶಿ

ಮನಿ ಪ್ಲಾಂಟಿನ ಒಂದು ಬಳ್ಳಿಯನ್ನು ಕೈಗೆ ತೆಗೆದುಕೊಳ್ಳಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗದಲ್ಲಿ ಬೆರಳಾಡಿಸಿದರೆ ಒಂದು ಉಬ್ಬು ಸಿಗುತ್ತದೆ. ಅದೇ ಗೆಣ್ಣು. ಅದರ ಪಕ್ಕದಲ್ಲಿ ಕಂದು ಬಣ್ಣದ, ಮೊಂಡಾದ ಒಂದು ಪುಟ್ಟ ಮೊಳೆ ಇರುತ್ತದೆ. ತುಂಬ ಜನ ಅದನ್ನು ಒಣಗಿದ ಕಸ ಅಂದುಕೊಂಡು ಚಿವುಟಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಗಿಡದ ಬೇರು ಹೊರಡುವುದೇ ಅಲ್ಲಿಂದ.

ಬೆಚ್ಚಗಿನ ದಿನಗಳಲ್ಲಿ ಇಂಥ ಒಂದು ತುಂಡನ್ನು ನೀರಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬಿಳಿ ಬೇರು ಕಾಣುತ್ತದೆ. ಚಳಿಗಾಲದಲ್ಲಿ ಅದೇ ಲೋಟ, ಅದೇ ಕಿಟಕಿ, ಆದರೆ ತಿಂಗಳಾದರೂ ಏನೂ ಇಲ್ಲ. ಆಮೇಲೆ ಒಂದು ಬೆಳಗ್ಗೆ ನೋಡಿದರೆ ಬುಡ ಕೊಳೆತಿರುತ್ತದೆ. ‘ಚಳಿಗಾಲದಲ್ಲಿ ಕಟಿಂಗ್ ಬರೋದೇ ಇಲ್ಲ’ ಅಂತ ಜನ ಹೇಳುವುದು ಇದನ್ನು ನೋಡಿಯೇ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಡ್ಡಿಗೆ, ಅಂದರೆ ಕತ್ತರಿಸಿದ ತುಂಡಿಗೆ, ತೊಂದರೆ ಕೊಡುವುದು ಮುಖ್ಯವಾಗಿ ಎರಡು: ತಣ್ಣಗಿರುವ ಬುಡ, ಸಾಲದ ಬೆಳಕು. ಈ ಎರಡನ್ನು ಸರಿಮಾಡಿಕೊಂಡರೆ ಚಳಿಗಾಲದಲ್ಲೂ ಬೇರು ಬರುತ್ತದೆ. ಸ್ವಲ್ಪ ನಿಧಾನ, ಅಷ್ಟೆ.

ಕತ್ತರಿಸಿದ ಮೇಲೆ ಕಡ್ಡಿಯೊಳಗೆ ನಡೆಯುವುದು

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನ ಹಂತಗಳು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಗಿಡದ ಚಿಗುರಿನಲ್ಲಿ, ಎಳೆ ಎಲೆಗಳಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ತಯಾರಾಗುತ್ತದೆ. ಅದು ಕಾಂಡದೊಳಗೆ ಕೆಳಗಿಳಿಯುತ್ತಾ ಹೋಗುತ್ತದೆ. ಕಾಂಡ ಕತ್ತರಿಸಿದಾಗ ಮುಂದೆ ದಾರಿ ಇಲ್ಲದೆ ಬುಡದಲ್ಲೇ ಜಮೆಯಾಗುತ್ತದೆ. ಅಲ್ಲಿನ ಜೀವಕೋಶಗಳು ಬೇರಾಗಿ ಬದಲಾಗಲು ಶುರುಮಾಡುವುದು ಈ ಜಮೆಯಿಂದ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ, ತುದಿಯಿಂದ ಕೆಳಕ್ಕೆ ಏನೋ ಒಂದು ಪ್ರಭಾವ ಇಳಿಯುತ್ತದೆ ಎಂದು 1880ರಲ್ಲೇ ಬರೆದಿದ್ದರು. ಆ ‘ಏನೋ ಒಂದು’ ನಿಜವಾದ ವಸ್ತುವೇ ಎಂದು 1920ರ ದಶಕದಲ್ಲಿ ತೋರಿಸಿದವರು ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್. ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಜೆಲ್ಲಿಯಂಥ ವಸ್ತುವಿನ ತುಂಡಿನ ಮೇಲಿಟ್ಟು, ಅವುಗಳಿಂದ ಇಳಿದದ್ದನ್ನು ಆ ತುಂಡಿನಲ್ಲಿ ಹಿಡಿದರು. ಬೇರು ಬೇಗ ಬರಲೆಂದು ನಾವು ಇವತ್ತು ಕಡ್ಡಿಯ ಬುಡಕ್ಕೆ ಹಚ್ಚುವ ‘ಬೇರಿನ ಪುಡಿ’ಯಲ್ಲಿ ಸಾಮಾನ್ಯವಾಗಿ ಇರುವ ಇಂಡೋಲ್ ಬ್ಯುಟೈರಿಕ್ ಆಸಿಡ್ ಕೂಡ ಆಕ್ಸಿನ್ ಗುಂಪಿಗೇ ಸೇರಿದ್ದು.

ಹಾರ್ಮೋನ್ ಇದ್ದರೆ ಸಾಲದು, ಜೀವಕೋಶ ಒಡೆದು ಬೆಳೆಯುವುದಕ್ಕೆ ಬಿಸಿಯೂ ಬೇಕು. ನಮ್ಮ ಮನೆಯೊಳಗಿನ ಗಿಡಗಳಲ್ಲಿ ಬಹುಪಾಲು ಉಷ್ಣವಲಯದ ಕಾಡುಗಳಿಂದ ಬಂದವು. ಅವುಗಳ ಕಡ್ಡಿಗೆ ಬುಡದಲ್ಲಿ 21ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. 15–16ಕ್ಕಿಂತ ಕೆಳಗೆ ಹೋದರೆ ಬೇರಿನ ಕೆಲಸ ಹೆಚ್ಚುಕಮ್ಮಿ ನಿಂತುಹೋಗುತ್ತದೆ. ಕೊಳೆಸುವ ಶಿಲೀಂಧ್ರಗಳು ಮಾತ್ರ ತಣ್ಣಗಿನ ಒದ್ದೆಯಲ್ಲೂ ಆರಾಮವಾಗಿರುತ್ತವೆ. ಅಂದರೆ ಇದೊಂದು ಓಟದ ಪಂದ್ಯ. ಬೇರು ಮೊದಲು ಬಂದರೆ ಗಿಡ ಉಳಿಯುತ್ತದೆ, ಕೊಳೆ ಮೊದಲು ಬಂದರೆ ಹೋಗುತ್ತದೆ. ಚಳಿಗಾಲದಲ್ಲಿ ನಾವು ಮಾಡುವುದೆಲ್ಲ ಬೇರಿನ ಕಡೆಗೆ ನಿಲ್ಲುವ ಕೆಲಸ.

ಯಾವ ಗಿಡ, ಯಾವ ಕೊಂಬೆ

ಮೊದಲ ಸಲ ಮಾಡುವವರು ಮನಿ ಪ್ಲಾಂಟ್, ಬಳ್ಳಿ ಜಾತಿಯ ಫಿಲೊಡೆಂಡ್ರಾನ್, ಸಿಂಗೋನಿಯಂ, ಟ್ರೇಡ್‌ಸ್ಕ್ಯಾನ್ಶಿಯಾ, ಕೋಲಿಯಸ್ – ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಇವು ಕ್ಷಮಿಸುವ ಗಿಡಗಳು. ಬಿಗೋನಿಯಾ, ಪೆಪರೋಮಿಯಾ, ಹೋಯಾ ಸ್ವಲ್ಪ ಗಮನ ಕೇಳುತ್ತವೆ. ಮಾನ್ಸ್ಟೆರಾ ತುಂಡಿನಲ್ಲಿ ಗಾಳಿಬೇರು ಇದ್ದರೆ ಅದೂ ಚೆನ್ನಾಗಿ ಬರುತ್ತದೆ.

ರಬ್ಬರ್ ಗಿಡ, ದೊಡ್ಡ ಎಲೆಯ ಫೈಕಸ್‌ಗಳನ್ನು (ಆಲ, ಅತ್ತಿಯ ಜಾತಿಯ ಗಿಡಗಳನ್ನು) ಚಳಿಗಾಲದಲ್ಲಿ ಮುಟ್ಟದೇ ಇರುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೊಂಬೆ ಆಕಸ್ಮಿಕವಾಗಿ ಮುರಿದರೆ ಸುಮ್ನೆ ಬಿಸಾಡಬೇಡಿ, ಪ್ರಯತ್ನ ಮಾಡಿ. ಬೇಕೆಂದೇ ಕತ್ತರಿಸುವುದಾದರೆ ಬೆಚ್ಚಗಾಗುವ ತನಕ ಕಾಯಿರಿ. ದಪ್ಪ ಎಲೆ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳುವ ಸಕ್ಯುಲೆಂಟ್‌ಗಳೂ ಬರುತ್ತವೆ, ಆದರೆ ಬೆಳಕು ಕಮ್ಮಿ ಇದ್ದರೆ ಹೊಸ ಚಿಗುರು ಸಣಕಲಾಗಿ ಉದ್ದಕ್ಕೆ ಎಳೆದುಕೊಳ್ಳುತ್ತದೆ.

ತಾಯಿಗಿಡ ಗಟ್ಟಿಮುಟ್ಟಾಗಿರಬೇಕು. ನಿನ್ನೆ ಮೊನ್ನೆ ಮನೆಗೆ ಬಂದ ಗಿಡ, ಎಲೆ ಉದುರಿಸುತ್ತಿರುವ ಗಿಡ ಬೇಡ. ಕತ್ತರಿಸುವ ಹಿಂದಿನ ದಿನ ಅದಕ್ಕೆ ನೀರು ಹಾಕಿಡಿ, ತುಂಡಿನಲ್ಲಿ ನೀರು ತುಂಬಿಕೊಂಡಿರುತ್ತದೆ. ಎಲೆಗಳ ಹಿಂಭಾಗ ನೋಡುವುದನ್ನು ಮರೆಯಬೇಡಿ. ಹೀಟರ್ ಹಾಕಿದ ಕೋಣೆಯ ಒಣ ಗಾಳಿಯಲ್ಲಿ ಕೆಂಪು ನುಸಿ ಬೇಗ ಹೆಚ್ಚುತ್ತದೆ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟಿ. ಹಾಳೆಯ ಮೇಲೆ ಬಿದ್ದ ಚುಕ್ಕೆಗಳು ನಡೆದಾಡಿದರೆ ಆ ಗಿಡಕ್ಕೆ ಮೊದಲು ಚಿಕಿತ್ಸೆ ಆಗಲಿ.

ಕೊಂಬೆ ಆರಿಸುವಾಗ ಹೂವಿಲ್ಲದ್ದನ್ನು ನೋಡಿ. ಹೂವು, ಮೊಗ್ಗು ಇದ್ದರೆ ತೆಗೆದುಬಿಡಿ. ಬೇರಿಗೆ ಹೋಗಬೇಕಾದ ಶಕ್ತಿಯನ್ನು ಅವು ತಿನ್ನುತ್ತವೆ. ತೀರಾ ಎಳೆಯದ್ದು ಬಾಡುತ್ತದೆ, ತೀರಾ ಬಲಿತದ್ದು ನಿಧಾನ. ಬಗ್ಗಿಸಿದರೆ ಬಗ್ಗುವ, ಆದರೆ ಕೈಬಿಟ್ಟರೆ ಮತ್ತೆ ನೆಟ್ಟಗಾಗುವ ಕೊಂಬೆ ಸರಿಯಾದದ್ದು.

ಕತ್ತರಿಸುವುದು

ಕತ್ತರಿ ಅಥವಾ ಬ್ಲೇಡ್ ಹರಿತವಾಗಿರಲಿ. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಜಾಗದಿಂದಲೇ ಕೊಳೆ ಶುರು. 70 ಪ್ರತಿಶತದ ಆಲ್ಕೋಹಾಲ್‌ನಲ್ಲಿ ಅಲಗನ್ನು ಒರೆಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸಿ.

ತುಂಡು 10ರಿಂದ 15 ಸೆಂ.ಮೀ. ಇದ್ದರೆ ಸಾಕು. ಗೆಣ್ಣಿನ ಕೆಳಗೆ ಸುಮಾರು ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ. ಒಳಗೆ ಹೋಗುವ ಭಾಗದ ಎಲೆಗಳನ್ನು ಪೂರ್ತಿ ತೆಗೆಯಿರಿ, ಮೇಲೆ ಎರಡು ಮೂರು ಎಲೆ ಉಳಿಸಿ. ಬೇರಿಲ್ಲದ ಕಡ್ಡಿಗೆ ನೀರು ಎಳೆದುಕೊಳ್ಳುವ ದಾರಿ ತೀರಾ ಚಿಕ್ಕದು, ಎಲೆಗಳಿಂದ ಮಾತ್ರ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಅದಕ್ಕೇ ದೊಡ್ಡ ಎಲೆ ಇದ್ದರೆ ಅರ್ಧಕ್ಕೆ ಕತ್ತರಿಸಿದರೂ ಪರವಾಗಿಲ್ಲ. ಎಲ್ಲ ಎಲೆ ಬೋಳಿಸಬೇಡಿ. ಆಹಾರ ತಯಾರಿಸುವುದು ಎಲೆಯೇ ಅಲ್ವಾ?

ಮನಿ ಪ್ಲಾಂಟ್, ಹೋಯಾದಂಥ ಗಿಡಗಳಲ್ಲಿ ಗೆಣ್ಣಿಲ್ಲದೆ ಬರೀ ಎಲೆ, ತೊಟ್ಟು ಇಟ್ಟರೆ ಕೆಲವು ಸಲ ಬೇರು ಬರುತ್ತದೆ. ನೋಡಿದವರಿಗೆ ಖುಷಿಯೂ ಆಗುತ್ತದೆ. ಆದರೆ ಚಿಗುರುವ ಮೊಗ್ಗು ಇರುವುದು ಗೆಣ್ಣಿನಲ್ಲಿ. ಅದಿಲ್ಲದ ಎಲೆ ಬೇರು ಬಿಟ್ಟುಕೊಂಡು ಹಾಗೇ ಇರುತ್ತದೆ, ಬಳ್ಳಿಯಾಗುವುದಿಲ್ಲ.

ಡಿಫೆನ್‌ಬಾಕಿಯಾ, ಫಿಲೊಡೆಂಡ್ರಾನ್, ಮನಿ ಪ್ಲಾಂಟ್‌ಗಳ ರಸದಲ್ಲಿ ಕ್ಯಾಲ್ಶಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಚರ್ಮ ತುರಿಸುತ್ತದೆ, ಬಾಯಿಗೆ ಹೋದರೆ ಉರಿ, ಊತ. ಕೈಗವಸು ಹಾಕಿಕೊಳ್ಳಿ. ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ತುಂಡುಗಳನ್ನು ಎಟುಕದ ಕಡೆ ಇಡಿ. ಫೈಕಸ್‌ಗಳಲ್ಲಿ ಹಾಲು ಸುರಿಯುತ್ತದೆ. ನಿಲ್ಲುವ ತನಕ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಆಮೇಲೆ ನೆಡಿ.

ನೀರಿನಲ್ಲೋ, ಮಿಶ್ರಣದಲ್ಲೋ

ನೀರಿನಲ್ಲಿ ಇಡುವುದರ ದೊಡ್ಡ ಲಾಭ ಎಂದರೆ ಒಳಗೆ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಗೆಣ್ಣು ಮುಳುಗುವಷ್ಟು ನೀರು, ಎಲೆ ಮಾತ್ರ ನೀರಿಗೆ ತಾಗಬಾರದು. ವಾರಕ್ಕೊಮ್ಮೆ ನೀರು ಬದಲಿಸಿ, ಮಬ್ಬಾಗಿ ಕಂಡರೆ ಅವತ್ತೇ ಬದಲಿಸಿ. ಹೊಸ ನೀರು ಕೋಣೆಯಷ್ಟೇ ಬೆಚ್ಚಗಿರಲಿ. ನಲ್ಲಿಯಿಂದ ನೇರವಾಗಿ ಬಂದ ಕೊರೆಯುವ ನೀರು ಬೇಡ. ಬಣ್ಣದ ಗಾಜಿನ ಬಾಟಲಿ ಇದ್ದರೆ ಪಾಚಿ ಕಟ್ಟುವುದು ಕಮ್ಮಿ.

ಆದರೆ ಚಳಿಗಾಲಕ್ಕೆ ನನ್ನ ಆಯ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮಸಮ ಬೆರೆಸಿದ ಮಿಶ್ರಣ. ಅದರಲ್ಲಿ ಗಾಳಿ ಆಡುತ್ತದೆ, ಬಂದ ಬೇರು ಮೊದಲ ದಿನದಿಂದಲೇ ಮಣ್ಣಿಗೆ ಹೊಂದಿಕೊಂಡಿರುತ್ತದೆ. ನೀರಿನ ಬೇರು ಹಾಗಲ್ಲ, ಅದು ಪುಟುಕ್ಕಂತ ಮುರಿಯುತ್ತದೆ, ಮಣ್ಣಿಗೆ ಬದಲಾಯಿಸಿದಾಗ ಗಿಡ ಮತ್ತೊಮ್ಮೆ ಪೆಟ್ಟು ತಿನ್ನುತ್ತದೆ. ತೋಟದ ಮಣ್ಣು, ಗೊಬ್ಬರ ಬೆರೆಸಿದ ಪಾಟಿಂಗ್ ಮಣ್ಣು ಈ ಹಂತದಲ್ಲಿ ಬೇಡ. ಬೇರೇ ಇಲ್ಲದ ಕಡ್ಡಿಗೆ ಗೊಬ್ಬರ ಉಪಯೋಗಕ್ಕೆ ಬರುವುದಿಲ್ಲ.

ಒದ್ದೆ ಎಷ್ಟಿರಬೇಕು ಎನ್ನುವುದೇ ಇಲ್ಲಿ ಮುಖ್ಯ. ಮಿಶ್ರಣವನ್ನು ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಕಟ್ಟಿ ಜೋರಾಗಿ ಹಿಂಡಿ. ಬೆರಳ ಸಂದಿಯಿಂದ ಒಂದೋ ಎರಡೋ ಹನಿ ಬಂದರೆ ಸರಿ. ಧಾರೆ ಇಳಿದರೆ ಜಾಸ್ತಿಯಾಯಿತು, ಒಣ ಮಿಶ್ರಣ ಸೇರಿಸಿ. ಮುಷ್ಟಿ ತೆರೆದಾಗ ಉಂಡೆ ಹಾಗೇ ಕೂತಿರಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ತಣ್ಣಗಿನ ದಿನಗಳಲ್ಲಿ ಹಾಕಿದ ನೀರು ಬೇಗ ಆರುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಾರದರ್ಶಕ ಪ್ಲಾಸ್ಟಿಕ್ ಲೋಟದ ತಳಕ್ಕೆ ನಾಲ್ಕೈದು ತೂತು ಹಾಕಿ ಮಿಶ್ರಣ ತುಂಬಿ. ಬೇರು ಬಂದಾಗ ಗೋಡೆಯಿಂದಲೇ ಕಾಣುತ್ತದೆ. ಬೇರಿನ ಪುಡಿ ಬಳಸುವುದಾದರೆ ಡಬ್ಬಿಗೇ ಕಡ್ಡಿ ಅದ್ದಬೇಡಿ, ಸ್ವಲ್ಪ ಪುಡಿಯನ್ನು ಕಾಗದದ ಮೇಲೆ ಸುರಿದುಕೊಳ್ಳಿ. ಬುಡ ಒತ್ತಿ ತೆಗೆದು, ಹೆಚ್ಚಿನದನ್ನು ತಟ್ಟಿ ಉದುರಿಸಿ. ಪೆನ್ಸಿಲ್‌ನಿಂದ ಮೊದಲೇ ತೂತು ಮಾಡಿ ಅದರೊಳಗೆ ಇಳಿಸಿ, ಇಲ್ಲದಿದ್ದರೆ ಪುಡಿಯೆಲ್ಲ ಮೇಲೇ ಉಳಿಯುತ್ತದೆ. ಮನಿ ಪ್ಲಾಂಟ್, ಕೋಲಿಯಸ್‌ಗೆ ಪುಡಿಯ ಅಗತ್ಯವೇ ಇಲ್ಲ. ಹೋಯಾ, ಫೈಕಸ್‌ನಂಥವಕ್ಕೆ ಹಾಕಿದರೆ ಒಳ್ಳೆಯದು.

ಸಕ್ಯುಲೆಂಟ್ ತುಂಡುಗಳನ್ನು ಮಾತ್ರ ಕೂಡಲೇ ನೆಡಬೇಡಿ. ಮೂರರಿಂದ ಐದು ದಿನ ನೆರಳಿನಲ್ಲಿಟ್ಟು, ಗಾಯ ಒಣಗಿ ಗಟ್ಟಿಯಾದ ಮೇಲೆ ಒಣ ಮಿಶ್ರಣಕ್ಕೆ ಇಳಿಸಿ.

ಬುಡ ಬೆಚ್ಚಗಿರಲಿ

ಒಂದು ಚಳಿಗಾಲದಲ್ಲಿ ಒಂದೇ ಬಳ್ಳಿಯ ಆರು ತುಂಡುಗಳನ್ನು ಎರಡು ಲೋಟಗಳಲ್ಲಿ ಇಟ್ಟಿದ್ದೆ. ಒಂದು ಲೋಟ ಕಿಟಕಿಯ ಕಟ್ಟೆ ಮೇಲೆ, ಗಾಜಿಗೆ ತಾಗಿಕೊಂಡಂತೆ. ಜಾಗ ಸಾಲದ್ದಕ್ಕೆ ಇನ್ನೊಂದನ್ನು ಫ್ರಿಜ್ ಮೇಲಿಟ್ಟೆ, ಅಲ್ಲಿಗೂ ಬೆಳಕು ಬೀಳುತ್ತಿತ್ತು. ಕಿಟಕಿಯ ಲೋಟಕ್ಕೆ ಹಗಲು ಬೆಳಕು ಜಾಸ್ತಿ, ಅದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ನಾಲ್ಕನೇ ವಾರ ಫ್ರಿಜ್ ಮೇಲಿನ ಮೂರೂ ತುಂಡುಗಳಲ್ಲಿ ಬಿಳಿ ಬೇರು ಬೆರಳ ಅಗಲದಷ್ಟು ಬೆಳೆದಿತ್ತು. ಕಿಟಕಿಯ ಲೋಟಕ್ಕೆ ಬೆಳಗಿನ ಜಾವ ಬೆರಳು ಅದ್ದಿದೆ. ನೀರು ಕೊರೆಯುತ್ತಿತ್ತು. ಮೂರರಲ್ಲಿ ಎರಡು ತುಂಡುಗಳ ಬುಡ ಲೋಳೆಯಾಗಿ ಕೈಗಂಟಿ ಬಂತು. ಅವತ್ತಿನಿಂದ ನಾನು ಕೋಣೆಯ ತಾಪಮಾನ ನಂಬುವುದನ್ನು ಬಿಟ್ಟು ಬುಡದ ತಾಪಮಾನ ನೋಡಲು ಶುರುಮಾಡಿದೆ.

ಗಾಳಿ 20 ಡಿಗ್ರಿ ಇದ್ದರೂ ಒದ್ದೆ ಮಿಶ್ರಣ ಅದಕ್ಕಿಂತ ತಣ್ಣಗಿರುತ್ತದೆ, ಯಾಕೆಂದರೆ ನೀರು ಆವಿಯಾಗುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಜಿನ ಪಕ್ಕ ರಾತ್ರಿ ಇನ್ನೂ ಕಮ್ಮಿ. ಅದಕ್ಕೇ ಅಡುಗೆಗೆ ಬಳಸುವಂಥ ಒಂದು ಕಡ್ಡಿ ಥರ್ಮಾಮೀಟರ್ ಇಟ್ಟುಕೊಳ್ಳಿ. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಒಮ್ಮೆ ಮಿಶ್ರಣದೊಳಗೆ ಚುಚ್ಚಿ ನೋಡಿ.

ತುಂಬ ಕಡ್ಡಿ ಮಾಡುವವರು ಗಿಡಗಳಿಗೆಂದೇ ಇರುವ ಹೀಟ್ ಮ್ಯಾಟ್ (ಕರೆಂಟಿನಿಂದ ಬೆಚ್ಚಗಾಗುವ ಹಾಸು) ತೆಗೆದುಕೊಳ್ಳಬಹುದು. ತೆಗೆದುಕೊಂಡರೆ ಬಿಸಿ ಹದಕ್ಕೆ ಬಂದಾಗ ತಾನಾಗಿ ನಿಲ್ಲಿಸುವ ಥರ್ಮೋಸ್ಟ್ಯಾಟ್ ಜೊತೆಗೇ ತೆಗೆದುಕೊಳ್ಳಿ. ಅದಿಲ್ಲದ ಮ್ಯಾಟ್ ಬೆಚ್ಚಗಿನ ದಿನ ಬುಡವನ್ನು ಬೇಯಿಸಿಬಿಡಬಹುದು. ಥರ್ಮೋಸ್ಟ್ಯಾಟಿನ ತಂತಿಯ ತುದಿಯನ್ನು ಮಿಶ್ರಣದೊಳಗೆ, ಕಡ್ಡಿಯ ಬುಡ ಇರುವಷ್ಟು ಆಳಕ್ಕೆ ಚುಚ್ಚಿ 22–23 ಡಿಗ್ರಿಗೆ ಇಡಿ. ಮ್ಯಾಟ್ ಮೇಲೆ ಲೋಟಗಳು ಕೆಳಗಿನಿಂದ ಒಣಗುತ್ತವೆ. ಮೇಲೆ ಒದ್ದೆ ಕಾಣುತ್ತಿದ್ದರೂ ತಳ ಒಣಗಿರಬಹುದು, ಎತ್ತಿ ಭಾರ ನೋಡಿ. ಲೋಟಗಳನ್ನು ತಟ್ಟೆಯಲ್ಲಿಡಿ, ಪ್ಲಗ್ ಕಡೆ ನೀರು ಹರಿಯಬಾರದು.

ಮ್ಯಾಟ್ ಇಲ್ಲದಿದ್ದರೂ ದಾರಿ ಇದೆ. ಫ್ರಿಜ್ ಮೇಲ್ಭಾಗ ಕೈಗೆ ಬೆಚ್ಚಗನ್ನಿಸಿದರೆ ಅದು ಒಳ್ಳೆಯ ಜಾಗ. ವೈಫೈ ರೂಟರ್ ಇರುವ ಕಪಾಟಿನ ಪಕ್ಕ ಕೂಡ ಆಗುತ್ತದೆ. ಕಲ್ಲಿನ ಕಟ್ಟೆ ಮೇಲೆ ಇಡಲೇಬೇಕಾದರೆ ಕೆಳಗೆ ದಪ್ಪ ಥರ್ಮೋಕೋಲ್ ಹಾಳೆ ಹಾಕಿ. ಹಗಲು ಕಿಟಕಿಯಲ್ಲಿಟ್ಟು ಸಂಜೆ ಕೋಣೆಯ ಒಳಗೆ ತಂದರೂ ಸರಿ. ಪರದೆ ಎಳೆಯುವಾಗ ಕಡ್ಡಿಗಳು ಪರದೆಗೂ ಗಾಜಿಗೂ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ, ಮನೆಯ ಅತ್ಯಂತ ತಣ್ಣಗಿನ ಜಾಗ ಅದೇ. ಹೀಟರ್ ಎದುರಿಗೆ ಇಡುವ ಆಸೆ ಮಾತ್ರ ಬೇಡ. ಬಿಸಿಗಾಳಿ ಎಲೆಯನ್ನು ಗಂಟೆಗಳಲ್ಲಿ ಒಣಗಿಸುತ್ತದೆ.

ಬೆಳಕು, ಮುಚ್ಚಳ

ಚಳಿಗಾಲದಲ್ಲಿ ಹಗಲು ಚಿಕ್ಕದು, ಸೂರ್ಯ ಕೆಳಗಿರುತ್ತಾನೆ. ಕಿಟಕಿಯ ಹತ್ತಿರ ಪ್ರಕಾಶವಾದ, ಆದರೆ ನೇರ ಬಿಸಿಲು ಬೀಳದ ಜಾಗ ಹುಡುಕಿ. ಗಾಜು ಒರೆಸಿ, ಎಲೆಗಳ ಮೇಲಿನ ಧೂಳೂ ಒರೆಸಿ. ಫ್ರಿಜ್ ಮೇಲೆ ಬೆಚ್ಚಗಿದೆ ಆದರೆ ಕತ್ತಲು ಅನ್ನುವುದಾದರೆ ಒಂದು ಬಿಳಿ ಎಲ್ಇಡಿ ದೀಪವನ್ನು ಕಡ್ಡಿಗಳಿಂದ 20ರಿಂದ 30 ಸೆಂ.ಮೀ. ಮೇಲೆ ತೂಗುಹಾಕಿ ದಿನಕ್ಕೆ 14 ಗಂಟೆ ಉರಿಸಿ. ಟೈಮರ್ ಇದ್ದರೆ ಮರೆಯುವ ಪ್ರಶ್ನೆ ಇಲ್ಲ.

ಒಣ ಗಾಳಿಯಿಂದ ಎಲೆ ಬಾಡದಂತೆ ಮುಚ್ಚಳ ಬೇಕು. ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯರು 1829ರ ಸುಮಾರಿಗೆ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಆ ಮಣ್ಣಿನಲ್ಲಿ ಜರೀಗಿಡ ತಾನಾಗಿ ಹುಟ್ಟಿ ಬೆಳೆಯಿತು. ಅವರ ತೋಟದ ಜರೀಗಿಡಗಳು ನಗರದ ಹೊಗೆಯಲ್ಲಿ ಸಾಯುತ್ತಿದ್ದ ಕಾಲ ಅದು. ಒಳಗಿನ ನೀರು ಆವಿಯಾಗಿ, ಗಾಜಿಗೆ ಹತ್ತಿ, ಮತ್ತೆ ಇಳಿಯುತ್ತಿತ್ತು. 1833ರಲ್ಲಿ ಇದೇ ಉಪಾಯದ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಲಂಡನ್ನಿನಿಂದ ಸಿಡ್ನಿಯವರೆಗೆ ಹಡಗಿನಲ್ಲಿ ಜೀವಂತವಾಗಿ ತಲುಪಿದವು. ನಾವು ಲೋಟದ ಮೇಲೆ ಹೊದಿಸುವ ಪಾಲಿಥಿನ್ ಚೀಲ ಮಾಡುವ ಕೆಲಸವೂ ಅದೇ.

ಚೀಲ ಎಲೆಗೆ ಅಂಟದಂತೆ ಆಸರೆಗೆ ನಾಲ್ಕು ಒಣಕಡ್ಡಿ ಚುಚ್ಚಿ ಅದರ ಮೇಲೆ ಹೊದಿಸಿ. ದಿನಕ್ಕೊಮ್ಮೆ ಹತ್ತು ನಿಮಿಷ ತೆರೆದು ಗಾಳಿಯಾಡಿಸಿ. ಒಳಗೆ ತೆಳ್ಳಗೆ ಮಂಜು ಕಟ್ಟಿದರೆ ಸರಿ, ನೀರು ಧಾರೆಯಾಗಿ ಇಳಿಯುತ್ತಿದ್ದರೆ ಒಂದು ದಿನ ತೆರೆದೇ ಇಡಿ. ಮುಚ್ಚಿದ ಲೋಟವನ್ನು ನೇರ ಬಿಸಿಲಿಗೆ ಇಡಬೇಡಿ, ಒಳಗೆ ಬೆಂದುಹೋಗುತ್ತದೆ. ಸಕ್ಯುಲೆಂಟ್, ಸ್ನೇಕ್ ಪ್ಲಾಂಟ್‌ಗೆ ಮುಚ್ಚಳ ಬೇಡವೇ ಬೇಡ.

ಬರೀ ಎಲೆಯಿಂದ

ಆಫ್ರಿಕನ್ ವಯೊಲೆಟ್ ಎಲೆಯನ್ನು 3–4 ಸೆಂ.ಮೀ. ತೊಟ್ಟಿನೊಂದಿಗೆ ಓರೆಯಾಗಿ ಕತ್ತರಿಸಿ ಮಿಶ್ರಣಕ್ಕೆ ಚುಚ್ಚಿ. ತೊಟ್ಟಿನ ಬುಡದಿಂದಲೇ ಪುಟ್ಟ ಮರಿಗಳು ಏಳುತ್ತವೆ. ರೆಕ್ಸ್ ಬಿಗೋನಿಯಾ ಎಲೆಯ ದಪ್ಪ ನರಗಳನ್ನು ಅಲ್ಲಲ್ಲಿ ಕೊಯ್ದು, ಒದ್ದೆ ಮಿಶ್ರಣದ ಮೇಲೆ ಅಂಗಾತ ಮಲಗಿಸಿದರೆ ಕೊಯ್ದ ಜಾಗಗಳಲ್ಲಿ ಮರಿ ಬರುತ್ತದೆ. ಸ್ನೇಕ್ ಪ್ಲಾಂಟ್ ಎಲೆಯನ್ನು ತುಂಡು ಮಾಡಿದರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ಗುರುತು ಮಾಡಿಕೊಳ್ಳಿ. ತಲೆಕೆಳಗೆ ನೆಟ್ಟರೆ ಬೇರು ಬರುವುದಿಲ್ಲ. ಹಳದಿ ಅಂಚಿನ ಜಾತಿಯಾದರೆ ಎಲೆತುಂಡಿನಿಂದ ಹುಟ್ಟುವ ಮರಿಗೆ ಆ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಬೇಕೆಂದರೆ ಬುಡದ ಮರಿಯನ್ನೇ ಬೇರ್ಪಡಿಸಬೇಕು. ಝೀಝೀ ಪ್ಲಾಂಟಿನ ಎಲೆಯೂ ಗಿಡವಾಗುತ್ತದೆ, ಆದರೆ ಮೊದಲು ಮಣ್ಣಿನೊಳಗೆ ಗೆಡ್ಡೆ ಕಟ್ಟಿಕೊಂಡು ಆಮೇಲೆ ಚಿಗುರುತ್ತದೆ. ತಿಂಗಳುಗಟ್ಟಲೆ ಕಾಯಬೇಕು.

ಕಾಯುವ ದಿನಗಳು

ಬುಡ ಬೆಚ್ಚಗಿದ್ದರೆ ಟ್ರೇಡ್‌ಸ್ಕ್ಯಾನ್ಶಿಯಾ, ಕೋಲಿಯಸ್ ಎರಡು ಮೂರು ವಾರದಲ್ಲಿ ಬೇರು ಬಿಡುತ್ತವೆ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್‌ಗೆ ನಾಲ್ಕರಿಂದ ಆರು ವಾರ ಇಟ್ಟುಕೊಳ್ಳಿ. ಹೋಯಾ ಎರಡು ತಿಂಗಳು ತೆಗೆದುಕೊಂಡರೂ ಗಾಬರಿ ಬೇಡ. ಕಡ್ಡಿ ಇಟ್ಟ ತಾರೀಖನ್ನು ಲೋಟದ ಮೇಲೆ ಬರೆದಿಡಿ. ‘ತುಂಬ ದಿನ ಆಯ್ತು’ ಅನ್ನಿಸಿದಾಗ ನೋಡಿದರೆ ಎಷ್ಟೋ ಸಲ ಹತ್ತೇ ದಿನ ಆಗಿರುತ್ತದೆ.

ದಯವಿಟ್ಟು ಎಳೆದು ನೋಡಬೇಡಿ. ಹೊಸ ಬೇರಿನ ತುದಿ ದಾರಕ್ಕಿಂತ ಮೆದು, ಒಂದು ಸಲ ಎಳೆದರೆ ಎರಡು ವಾರದ ಕೆಲಸ ಹೋಯಿತು. ನಾಲ್ಕು ವಾರ ಕಳೆದ ಮೇಲೆ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಒಂದಿಷ್ಟೇ ಎತ್ತಿದಂತೆ ಮಾಡಿ. ಕಡ್ಡಿ ಹಿಡಿದುಕೊಂಡರೆ ಬೇರು ಬಂದಿದೆ, ಜಾರಿದರೆ ಹಾಗೇ ಬಿಡಿ. ಹೊಸ ಎಲೆ ಬಂದ ಮಾತ್ರಕ್ಕೆ ಬೇರು ಬಂದಿದೆ ಎಂದು ತಿಳಿಯಬೇಡಿ. ಕಾಂಡದಲ್ಲಿ ಉಳಿದ ಶಕ್ತಿಯಿಂದಲೂ ಚಿಗುರು ಬಿಚ್ಚಿಕೊಳ್ಳುತ್ತದೆ.

ಕೆಳಗಿನ ಒಂದು ಎಲೆ ಹಳದಿಯಾಗಿ ಬಿದ್ದರೆ ಚಿಂತೆ ಇಲ್ಲ. ಬುಡ ಕಪ್ಪಾಗಿ ಮೆತ್ತಗಾದರೆ ತಡ ಮಾಡಬೇಡಿ. ಮೇಲಕ್ಕೆ ಕತ್ತರಿಸುತ್ತಾ ಹೋಗಿ, ಒಳಗೆ ಪೂರ್ತಿ ಹಸಿರು ಅಥವಾ ಬಿಳಿ ಕಾಣುವ ಜಾಗದಲ್ಲಿ ನಿಲ್ಲಿಸಿ, ಹೊಸ ಮಿಶ್ರಣದಲ್ಲಿ ಮತ್ತೆ ಇಡಿ. ಒಂದು ಗೆಣ್ಣು ಉಳಿದಿದ್ದರೂ ಅವಕಾಶ ಇದೆ. ಲೋಟದ ಸುತ್ತ ಚಿಕ್ಕ ಕಪ್ಪು ನೊಣಗಳು ಹಾರುತ್ತಿದ್ದರೆ ಮಿಶ್ರಣ ತುಂಬ ಒದ್ದೆ ಇದೆ ಎಂದರ್ಥ, ಮೇಲ್ಪದರ ಒಣಗಲು ಬಿಡಿ.

ಪಾಟಿಗೆ ಬದಲಾಯಿಸುವುದು

ಬೇರು 3ರಿಂದ 5 ಸೆಂ.ಮೀ. ಉದ್ದವಾಗಿ, ಅದರಿಂದ ಅಡ್ಡ ಬೇರುಗಳು ಒಡೆಯಲು ಶುರುವಾದಾಗ ಬದಲಾಯಿಸಿ. ನೀರಿನಲ್ಲಿದ್ದುದನ್ನು ತುಂಬ ಉದ್ದ ಬೇರು ಬರುವ ತನಕ ಬಿಟ್ಟರೆ ಮಣ್ಣಿಗೆ ಹೊಂದಿಕೊಳ್ಳುವುದು ಕಷ್ಟ. ಪಾಟ್ 7–8 ಸೆಂ.ಮೀ. ಅಗಲ ಇದ್ದರೆ ಸಾಕು. ದೊಡ್ಡ ಪಾಟಿನಲ್ಲಿ ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ. ಚಳಿಗಾಲದಲ್ಲಿ ಹೊಸ ಗಿಡಗಳು ಹೆಚ್ಚಾಗಿ ಸಾಯುವುದು ಈ ಒಂದು ತಪ್ಪಿನಿಂದ. ಮನಿ ಪ್ಲಾಂಟಿನಂಥ ಬಳ್ಳಿಯಾದರೆ ಮೂರ್ನಾಲ್ಕು ಕಡ್ಡಿಗಳನ್ನು ಒಂದೇ ಪಾಟಿಗೆ ನೆಡಿ, ತುಂಬಿ ಕಾಣುತ್ತದೆ.

ಮುಚ್ಚಳವನ್ನು ಒಮ್ಮೆಲೇ ತೆಗೆಯಬೇಡಿ. ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಒಂದು ವಾರದಲ್ಲಿ ಪೂರ್ತಿ ತೆಗೆಯಿರಿ. ಪಾಟಿಗೆ ಬಂದ ಮೇಲೂ ಎರಡು ವಾರ ಬೆಚ್ಚಗಿನ ಜಾಗದಲ್ಲೇ ಇರಲಿ. ಮೇಲಿನ ಎರಡು ಸೆಂ.ಮೀ. ಮಣ್ಣು ಒಣಗಿದಾಗ ಮಾತ್ರ ನೀರು. ಹೊಸ ಎಲೆ ಬಿಚ್ಚಿದ ಮೇಲೆ, ಡಬ್ಬಿಯ ಮೇಲೆ ಹೇಳಿದ ಅಳತೆಯ ಕಾಲು ಭಾಗದಷ್ಟು ದ್ರವ ಗೊಬ್ಬರ ಕೊಡಬಹುದು.

ಇಷ್ಟರಲ್ಲಿ ತಾಯಿಗಿಡದ ಹತ್ತಿರ ಒಮ್ಮೆ ಹೋಗಿ ನೋಡಿ. ನೀವು ಕತ್ತರಿಸಿದ ಜಾಗದ ಕೆಳಗಿನ ಗೆಣ್ಣಿನಲ್ಲಿ ಸುರುಳಿ ಸುತ್ತಿಕೊಂಡ ಒಂದು ಹೊಸ ಚಿಗುರು ಎದ್ದಿರಬಹುದು. ಅದರ ಮುಖ ಬೆಳಕಿನ ಕಡೆ ಬರುವಂತೆ ಪಾಟನ್ನು ತಿರುಗಿಸಿಡಿ.